ಗುರುತ್ವಾಕರ್ಷಣೆ ಕೂಡಿದ ಮೇಲೆ ಮದುವೆ

ಎಂ.ಸಿ.ಸಿ. ಬಿ ಬ್ಲಾಕ್, ದಾವಣಗೆರೆ
೧೪-೯-೧೯೯೮

ಮಗಳು ನಯನಾಗೆ ಅಪ್ಪನ ಆಶೀರ್ವಾದ.

ಹೇಗಿದ್ದೀಯೇ? ಪುಣೆಯ ಹಾಸ್ಟೆಲ್ ಊಟ ಹೊಟ್ಟೆಗೆ ಒಗ್ಗಿತೇ? ನಿಮ್ಮವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿ ಮುಗಿದಿದ್ದರೆ ಬರೆ. ನಾವು ಚೆನ್ನಾಗಿದ್ದೇವೆ ಎಂದು ಬರೆಯಬೇಕು, ಆದರೆ ನನ್ನ ತಲೆ ಕೆಟ್ಟು ಕೆರ ಹಿಡಿದಿದೆ. ಕಾರಣ ನೀನೇ.

ಹರಿಹರದವರು ನಿನ್ನನ್ನು ಕೇಳಲು ಬಂದ ದಿನ, ನಿನ್ನ ಫಿಸಿಕ್ಸ್ ಓದು ಯಾವಾಗ ಮುಗಿಯುತ್ತದೆಂದು ಫೋನ್ ಮಾಡಿದೆನಲ್ಲ, ನೀನೇನಂದೆ? ಜಗತ್ತನ್ನು ನಡೆಸುವ ಬಲ ನಾಲ್ಕು, ಎರಡು ಒಂದೇ ಲೆಕ್ಕದೊಳಗೆ ಒಂದಾಗಿವೆ, ಮೂರನೆಯದೂ ಕೂಡುವ ಹಾಗೆ ಕಾಣುತ್ತದೆ, ಗುರುತ್ವಾಕರ್ಷಣೆಯೊಂದು ಕೂಡಿದರೆ "ಮುಗೀತಪ್ಪ, ಆಮೇಲೆ ಮದ್ವಿ ಮಾಡ್ರಿ" ಅಂದೆ. ಮಂಡಕ್ಕಿ ಭಟ್ಟಿ ನಡೆಸುವವನಿಗೆ ಏನು ಗೊತ್ತು! ಮೂವರು ಅಣ್ಣತಮ್ಮಂದಿರು ರಾಜಿಯಾದ ಮೇಲೆ ನಾಲ್ಕನೆಯವನು ಎಷ್ಟು ದಿನ ಮುನಿಸಿಕೊಂಡಾನು ಎಂದುಕೊಂಡು, ಮಠದ ಸ್ವಾಮಿಗಳ ಎದುರಿಗೇ "ಗುರುತ್ವಾಕರ್ಷಣೆ ಕೂಡಿದ ಮ್ಯಾಲೆ ಮದ್ವಿ" ಎಂದು ಎಲೆ-ಅಡಿಕೆ ಬದಲಿಸಿಬಿಟ್ಟೆ. ಎಲೆ-ಅಡಿಕೆ ಬದಲಾದ ಮೇಲೆ ಎರಡೂ ಕಡೆಯವರು ಆ ಮಾತಿನಿಂದ ಆಚೀಚೆ ಸರಿಯುವಂತಿಲ್ಲ. ಹುಡುಗನ ಅಜ್ಜಿ ಹಂಪವ್ವನವರಂತೂ ಗುರುತ್ವಾಕರ್ಷಣೆ ಎಂದರೆ ನಮ್ಮ ಕಡೆಯ ಯಾರೋ ಮುನಿಸಿಕೊಂಡ ನೆಂಟರೆಂದು ತಿಳಿದು, ದಿನಾ ಬೆಳಿಗ್ಗೆ ಫೋನ್ ಮಾಡಿ "ಅವ್ರು ಒಪ್ಪಿದ್ರೇನ್ರಿ? ನಾನೇ ಬಂದು ಮಾತಾಡ್ಲೇನು?" ಅನ್ನುತ್ತಾರೆ. ಏನಂತ ಉತ್ತರ ಕೊಡಲಿ?

ಮೊನ್ನೆ ಎದುರುಮನೆಯ ಫಿಸಿಕ್ಸ್ ಮೇಷ್ಟ್ರು ಕರಿಬಸವರಾಜರನ್ನು ಕರೆದು, ಕಾಫಿ ಕೊಟ್ಟು, ಯುಗಾದಿಯೊಳಗೆ ಇದು ಕೂಡೀತೇ ಎಂದು ಕೇಳಿದೆ. ಕಾಫಿ ಅವರ ನೆತ್ತಿಗೇರಿತು. "ಏನ್ರೀ ಬಕ್ಕೇಶಪ್ಪೋರೆ, ದೊಡ್ಡದೊಡ್ಡೋರೇ ಅದ್ರಾಗೆ ಸೋತು ಹೋಗ್ಯಾರೆ. ಉಳಿದ ಮೂರರ ಲೆಕ್ಕದ ದಾರಿಗೆ ಇದನ್ನ ತಂದ್ರೆ ಉತ್ತರ ಅನಂತ ಬರ್ತೈತೆ" ಅಂದರು. ನಾನು ಮುಹೂರ್ತ ಕೇಳಿದರೆ ಇವರು ಅನಂತ ಅನ್ನುತ್ತಾರೆ! ಒಳಗಿಂದ ನಿಮ್ಮವ್ವ "ಇನ್ನಾ ಓದಿಸ್ರಿ ಮಗಳ್ನ" ಎಂದು ಪಾತ್ರೆ ಕುಕ್ಕಿದಳು. ನಾಲ್ಕರಲ್ಲಿ ತೀರಾ ಬಡಕಲು ಬಲ ಈ ಗುರುತ್ವಾಕರ್ಷಣೆಯೇ ಅಂತೆ. ಅದಕ್ಕೆ ಇಷ್ಟು ಸೊಕ್ಕೇ?

ಹೊತ್ತಿಗೆ ಸರಿಯಾಗಿ ಉಣ್ಣು, ತಣ್ಣೀರಲ್ಲಿ ತಲೆಸ್ನಾನ ಮಾಡಬೇಡ. ಕೊಟ್ಟೂರು ಬಸವೇಶ್ವರ ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತಿ, ಸಿಟ್ಟು ಇನ್ನೂ ಇಳಿಯದ ನಿನ್ನಪ್ಪ,
ಬಕ್ಕೇಶಪ್ಪ

ತಾ.ಕ.: ಕಾಗದ ಅಂಚೆ ಡಬ್ಬಿಗೆ ಹಾಕುವ ಮೊದಲು ಇಷ್ಟು. ಇದು ಮುಗಿಯುವಂಥದ್ದಲ್ಲವೆಂದು ಗೊತ್ತಿದ್ದೇ ನೀನು ಹಾಗಂದೆ, ಈಗ ತಿಳಿಯಿತು. ಇವತ್ತು ಹರಿಹರಕ್ಕೆ ಹೋಗಿ, ಹಂಪವ್ವನವರ ಕಾಲು ಮುಟ್ಟಿ, ಮಾತು ಹಿಂದಕ್ಕೆ ತೆಗೆದುಕೊಂಡು ಬಂದೆ. ಕೊಟ್ಟ ಮಾತಿಗೆ ತಪ್ಪಿದ್ದು ಜೀವಮಾನದಲ್ಲಿ ಇದೇ ಮೊದಲು. ನಿಮ್ಮವ್ವನಿಗೆ ಇನ್ನೂ ಹೇಳಿಲ್ಲ. ಹುಡುಗ ಬ್ಯಾಡ ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತಲ್ಲೇ ಮಗಳೇ, ಅಪ್ಪನೆಂದರೆ ನಿನಗೆ ಅಷ್ಟು ಭಯವೇ?