ಜೊತೆಗಿರುವ ಮಕ್ಕಳು

ಪ್ಯಾರಿಸ್, ೧೯೮೩

ಅಪ್ಪಾ,

ನೀನು ತೀರಿಕೊಂಡ ನಲವತ್ತು ವರ್ಷಕ್ಕೆ ಇವತ್ತು ಪತ್ರಾಗಾರಕ್ಕೆ ಹೋಗಿ ನಿನ್ನ ಕಡತ ನೋಡಿಬಂದೆ. ದೇಶ ಕಳೆದುಕೊಂಡ ನಮ್ಮಂಥ ರಷ್ಯನ್ನರಿಗೆ ಕೊಡುತ್ತಿದ್ದ ನಾನ್ಸೆನ್ ರಹದಾರಿಗಾಗಿ ನೀನು ವರ್ಷವರ್ಷವೂ ಹಾಕಿದ ಅರ್ಜಿಗಳೆಲ್ಲ ಭದ್ರವಾಗಿವೆ. "ಪೆನ್ನು ಇಲ್ಲೇ ಬಿಡಿ ಅಜ್ಜಿ, ಒಳಗೆ ಪೆನ್ಸಿಲ್ ಮಾತ್ರ," ಎಂದಳು ಅಲ್ಲಿಯ ಹುಡುಗಿ.

'ಜೊತೆಗಿರುವ ಮಕ್ಕಳು' ಎಂಬಲ್ಲಿ ನೀನು ಎರಡು ಹೆಸರು ಬರೆದಿದ್ದೀಯ. ಮೊದಲು ಜೋಯಾ, ಅಂದರೆ ನಾನು. ಆಮೇಲೆ ಫೇಡ್ಯಾ, ಎಂಟು ವರ್ಷ. ಮರುವರ್ಷ ಒಂಬತ್ತು, ಅದರ ಮರುವರ್ಷ ಹತ್ತು. ರಷ್ಯಾ ಬಿಡುವಾಗ, ಜ್ವರದಲ್ಲಿದ್ದ ನಾಲ್ಕು ವರ್ಷದ ಮಗನನ್ನು ಹಡಗು ಹತ್ತಿಸಿಕೊಳ್ಳಲಿಲ್ಲವೆಂದು ನಿನ್ನ ತಾಯಿಯ ಕೈಗೊಪ್ಪಿಸಿ ಬಂದವನು ನೀನು, ಅವನನ್ನು ಇಲ್ಲಿಯ ಕಾಗದದಲ್ಲಿ ಬೆಳೆಸುತ್ತಿದ್ದೆ. ಪ್ರತಿಸಲವೂ ಗುಮಾಸ್ತ ಆ ಹೆಸರನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದಾನೆ.

೧೯೨೭ರ ಅರ್ಜಿ ಮಾತ್ರ ನನ್ನ ಅಕ್ಷರದಲ್ಲಿದೆ. ಕಾರ್ಖಾನೆಯಲ್ಲಿ ನಿನ್ನ ಬಲಗೈ ಜಜ್ಜಿಹೋಗಿತ್ತು, ನೆನಪಿದೆಯಾ?

"ಫೇಡ್ಯಾ, ಹನ್ನೊಂದು ವರ್ಷ ಅಂತ ಬರಿಯಮ್ಮ," ಎಂದು ನೀನು ಹೇಳಿದೆ.

"ಇಲ್ಲದವನನ್ನ ಎಲ್ಲಿಂದ ತರ್ಲಿ? ಆಫೀಸಲ್ಲಿ ಎಲ್ರೂ ನಗ್ತಾರಪ್ಪ, ನಂಗೆ ನಾಚಿಕೆ ಆಗತ್ತೆ!" ಹದಿನಾಲ್ಕರ ಪೊಗರು ನನಗೆ.

ನೀನು ಎಡಗೈಯಲ್ಲಿ ಸಹಿ ಹಾಕಿದೆ. ಕೈ ವಾಸಿಯಾದ ಮೇಲೆ ನೀನೇ ತುಂಬಿದ ಯಾವ ಅರ್ಜಿಯಲ್ಲೂ ಫೇಡ್ಯಾ ಇಲ್ಲ.

ನಾನು ಬರೆದ ಆ ಹಾಳೆ ತುಂಬ ಶುಚಿಯಾಗಿದೆ, ಅಪ್ಪಾ. ಗುಮಾಸ್ತನಿಗೆ ಹೊಡೆದುಹಾಕಲು ನಾನು ಏನನ್ನೂ ಉಳಿಸಿರಲಿಲ್ಲ.

ಜೋಯಾ