ಮುಹೂರ್ತಕ್ಕೆ ಕಾದು ಕುಳಿತ ಫ್ರೀಜರ್ ಬಾಕ್ಸ್

ನಮ್ಮ ವಲಯದ ಮಾನ್ಯ ಅಧಿಕಾರಿಗಳೇ,

ಕೊಡಿಗೇಹಳ್ಳಿಯ ನಮ್ಮ ಮುಂಜಾನೆ ಮಿತ್ರರ ಕ್ಲಬ್ಬು ಊರವರಿಂದ ಚಂದಾ ಎತ್ತಿ, ಸತ್ತವರನ್ನು ಮಣ್ಣಿಗೆ ಒಯ್ಯುವ ತನಕ ಕೆಡದಂತೆ ಇಡುವ ಫ್ರೀಜರ್ ಬಾಕ್ಸ್ ಒಂದನ್ನು ಕೊಂಡು ಇಂದಿಗೆ ಹತ್ತು ತಿಂಗಳಾಯಿತು. ಅದು ಸಮುದಾಯ ಭವನದ ಪಕ್ಕದ ಕೋಣೆಯಲ್ಲಿ, ನಿಮ್ಮ ಕಚೇರಿ ಜಡಿದ ಬೀಗದ ಒಳಗೆ, ನಿಮ್ಮ ಅಮೃತಹಸ್ತದಿಂದ ಲೋಕಾರ್ಪಣೆಗೊಳ್ಳಲು ಕಾದು ಕುಳಿತಿದೆ. ನೀವು ಬರಲಿಲ್ಲ. ಈ ಹತ್ತು ತಿಂಗಳಲ್ಲಿ ನಮ್ಮ ಬಡಾವಣೆಯ ಹದಿಮೂರು ಜನ ನಿಮ್ಮ ಬಿಡುವಿನ ದಿನ ಯಾವುದೆಂದು ವಿಚಾರಿಸದೆಯೇ ತೀರಿಕೊಂಡಿದ್ದಾರೆ. ಅವರ ಅವಸರಕ್ಕಾಗಿ ಕ್ಲಬ್ಬಿನ ಪರವಾಗಿ ಮೊದಲು ಕ್ಷಮೆ ಕೋರುತ್ತೇನೆ.

ನಾವು ಯಾರೆಂದು ನಿಮಗೆ ಮರೆತಿದ್ದರೆ ಆಶ್ಚರ್ಯವಿಲ್ಲ. ದಿನಾ ಬೆಳಿಗ್ಗೆ ಆರಕ್ಕೆ ಪಾರ್ಕಿನಲ್ಲಿ ಸುತ್ತು ಹಾಕುವ ನಲವತ್ತು ಜನ ನಾವು. ಅರ್ಧದಷ್ಟು ಮಂದಿ ಹಳೆಯ ಊರಿನವರು; ಏರ್‌ಪೋರ್ಟ್ ರಸ್ತೆಯ ಯಾವ ಕಂಬದ ಕೆಳಗೆ ಯಾರ ತಾತನ ರಾಗಿ ಹೊಲವಿತ್ತೆಂದು ಬೆರಳು ಮಾಡಿ ತೋರಿಸಬಲ್ಲವರು. ಉಳಿದರ್ಧ ಬಾಗಲಕೋಟೆ, ವಿಜಯಪುರದ ಕಡೆಯಿಂದ ಪೀಣ್ಯದ ಕಾರ್ಖಾನೆಗಳಿಗೆ ಬಂದು ಇಲ್ಲಿಯೇ ನಿವೃತ್ತರಾದವರು. ಸುತ್ತು ಮುಗಿದ ಮೇಲೆ ಕಾಫಿ, ಕಾಫಿ ಮುಗಿದ ಮೇಲೆ ಸಮಾಜಸೇವೆ. ಪಾರ್ಕಿನ ಎಂಟು ಸಿಮೆಂಟು ಬೆಂಚು ನಮ್ಮ ಕೊಡುಗೆಯೇ. ಒರಗುವ ಜಾಗದಲ್ಲಿ ದಾನಿಗಳ ಹೆಸರನ್ನು ಎಂಥ ಉಬ್ಬಕ್ಷರದಲ್ಲಿ ಹಾಕಿಸಿದ್ದೇವೆಂದರೆ, ಅರ್ಧ ಗಂಟೆ ಒರಗಿ ಎದ್ದವರು ಯಾರ ಮಾತೃಶ್ರೀಯವರ ಜ್ಞಾಪಕಾರ್ಥ ಕುಳಿತಿದ್ದರೆಂದು ಅವರ ಬೆನ್ನು ನೋಡಿ ಹೇಳಬಹುದು.

ಫ್ರೀಜರ್ ಬಾಕ್ಸಿಗೆ ಚಂದಾ ಕೇಳಲು ಹೋದಾಗ ಮಾತ್ರ ಇದೇ ದಾನಿಗಳು ಬೇರೆಯೇ ಆಗಿಬಿಟ್ಟರು. ಹಣ ಕೊಟ್ಟರು, ಹೆಸರು ಬೇಡವೆಂದರು. ರಸೀದಿಯನ್ನೂ ಬೇಡವೆಂದರು. ಒಬ್ಬರು ನಾವು ಅವರ ಮನೆಗೆ ಬಂದದ್ದನ್ನೇ ಯಾರಿಗೂ ಹೇಳಬೇಡಿರೆಂದು ಗೇಟಿನ ತನಕ ಬಂದು ಬೇಡಿಕೊಂಡರು. ಗುಪ್ತದಾನ ಈ ಕಾಲದಲ್ಲಿ ಎಲ್ಲಿದೆ ಎನ್ನುವವರು ನಮ್ಮ ಬಡಾವಣೆಯಲ್ಲಿ ಒಮ್ಮೆ ಇಂಥ ಪೆಟ್ಟಿಗೆಗೆ ಚಂದಾ ಎತ್ತಿ ನೋಡಬೇಕು. ಹೆಸರು ಹಾಕಲೇಬೇಕೆಂದು ಹಟ ಹಿಡಿದವರು ಒಬ್ಬರೇ, ನಮ್ಮ ಅಧ್ಯಕ್ಷರಾದ ಎಂಬತ್ನಾಲ್ಕರ ಮುನಿನಾರಾಯಣಪ್ಪನವರು. ‘‘ನನ್ ಎಸ್ರು ದಪ್ಪಕ್ಸರದಾಗೆ ಬರ್ಸ್ರಪ್ಪ. ಎಂಗಿದ್ರೂ ಮೊದಲ್ನೇ ಗಿರಾಕಿ ನಾನೇಯ’’ ಎಂದರು.

ಮನೆ ಮನೆಯ ಚಂದಾ ಸಾಲದೆ ಒಂದು ಭಾನುವಾರ ಅಂಕಿಗಳ ಟಿಕೆಟ್ ಮಾರಿ ಹೌಸಿ ಆಟ ಇಟ್ಟೆವು. ಅಂಕಿ ಕೂಗಿದವರು ಮಹಾಲಿಂಗಪ್ಪನವರು. ಜಮಖಂಡಿಯ ಹತ್ತಿರದ ಹಳ್ಳಿಯವರು, ಮೂವತ್ತೊಂದು ವರ್ಷ ಲೇತ್ ಮೇಲೆ ಕೆಲಸ ಮಾಡಿದ್ದವರು, ಮೈಕಿಲ್ಲದೆ ಹೆಬ್ಬಾಳದ ತನಕ ಕೇಳಿಸಬಲ್ಲ ಗಂಟಲಿನವರು. ಒಂದೊಂದು ಅಂಕಿಗೂ ಒಂದೊಂದು ಬಾಲ ಕಟ್ಟಿ ಕೂಗುತ್ತಿದ್ದರು. ಎಂಬತ್ನಾಲ್ಕು ಬಂದಾಗ, ‘‘ಎಂಟು ನಾಕು ಎಂಬತ್ನಾಕ್ರೀ, ನಮ್ಮ ಅಧ್ಯಕ್ಷರ ವಯಸ್ಸು. ಪೆಟಗಿ ಅವಸರ ಐತಿ, ಲಗೂನ ರೊಕ್ಕಾ ಬಿಚ್ಚ್ರಿ’’ ಎಂದದ್ದಕ್ಕೆ ಎಲ್ಲರಿಗಿಂತ ಹೆಚ್ಚು ನಕ್ಕವರು ಅಧ್ಯಕ್ಷರೇ. ಅವತ್ತು ಸಂಜೆಗೆ ಪೆಟ್ಟಿಗೆಯ ಹಣ ಕೂಡಿತು.

ಪೆಟ್ಟಿಗೆ ಬಂತು. ಸ್ಟೀಲಿನ ಮೈ, ಗಾಜಿನ ಮುಚ್ಚಳ, ಕೆಳಗೆ ನಾಲ್ಕು ಚಕ್ರ. ಅಧ್ಯಕ್ಷರ ಮನೆಯ ಕಾರ್ ಶೆಡ್ಡಿನಲ್ಲಿ ಇಳಿಸಿ ಪ್ಲಗ್ಗು ಹಾಕಿದೆವು. ತಂಪಾಗುತ್ತದೆಯೋ ಇಲ್ಲವೋ ಪರೀಕ್ಷಿಸುವುದು ಹೇಗೆ? ಒಳಗೆ ಮಲಗಿ ನೋಡಲು ಸ್ವಯಂಸೇವಕರು ಬೇಕೆಂದು ಕೇಳಿದಾಗ, ರಕ್ತದಾನ ಶಿಬಿರಕ್ಕೆ ಸಾಲುಗಟ್ಟುವ ನಮ್ಮ ಸದಸ್ಯರೆಲ್ಲ ಚಪ್ಪಲಿ ಹುಡುಕತೊಡಗಿದರು. ಕೊನೆಗೆ ದೊಡ್ಡದೊಂದು ಕಲ್ಲಂಗಡಿ ತಂದು ಮಲಗಿಸಿದೆವು. ಮೂರು ಗಂಟೆಯಲ್ಲಿ ಅದು ಮಂಜಿನಂತಾಯಿತು. ಹೆಚ್ಚಿ ತಟ್ಟೆಯಲ್ಲಿಟ್ಟರೆ ಯಾರೂ ಮುಟ್ಟಲಿಲ್ಲ. ಅಧ್ಯಕ್ಷರೂ ಮಹಾಲಿಂಗಪ್ಪನವರೂ ಇಬ್ಬರೇ ಕುಳಿತು ಪೂರ್ತಿ ಹಣ್ಣು ತಿಂದು, ಯಂತ್ರ ಸರಿಯಾಗಿದೆಯೆಂದು ಪ್ರಮಾಣಪತ್ರ ಕೊಟ್ಟರು.

ಮಾರನೆಯ ದಿನ ಅಧ್ಯಕ್ಷರ ಸೊಸೆ, ಶೆಡ್ಡಿನಲ್ಲಿ ಅದಿರಬೇಕು, ಇಲ್ಲವೇ ಮನೆಯಲ್ಲಿ ನಾನಿರಬೇಕು ಎಂದುಬಿಟ್ಟರು. ಹಾಗಾಗಿ ನಿಮ್ಮ ಕಚೇರಿಗೆ ಬಂದು ಒಂದು ಕೋಣೆ ಕೇಳಿದೆವು. ಕೊಟ್ಟಿರಿ, ಅದನ್ನು ಮರೆಯುವಷ್ಟು ಕೃತಘ್ನರಲ್ಲ ನಾವು. ಜೊತೆಗೊಂದು ಆದೇಶವನ್ನೂ ಕೊಟ್ಟಿರಿ: ‘ಸದರಿ ಪೆಟ್ಟಿಗೆಯನ್ನು ವಿಧ್ಯುಕ್ತ ಲೋಕಾರ್ಪಣೆಯ ತರುವಾಯವಷ್ಟೇ ಸಾರ್ವಜನಿಕ ಉಪಯೋಗಕ್ಕೆ ಒದಗಿಸತಕ್ಕದ್ದು. ಅಲ್ಲಿಯವರೆಗೆ ಬೀಗದ ಕೈ ಕಚೇರಿಯ ವಶದಲ್ಲಿರತಕ್ಕದ್ದು.’ ನಾವು ಸಂತೋಷದಿಂದ ಸಹಿ ಹಾಕಿದೆವು. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಫೋಟೋ ತೆಗೆಸಿಕೊಳ್ಳದ ಸೇವೆಯನ್ನು ಸೇವೆಯೆಂದು ಕರೆಯುವ ಅಭ್ಯಾಸ ನಮಗೂ ಇರಲಿಲ್ಲವಲ್ಲ. ಈ ತಪ್ಪಿನಲ್ಲಿ ನಮ್ಮ ಪಾಲು ಎಷ್ಟಿದೆಯೋ ಅಷ್ಟನ್ನೂ ಒಪ್ಪಿಕೊಳ್ಳುತ್ತೇನೆ.

ಆಮೇಲೆ ಶುರುವಾಯಿತು ದಿನಾಂಕದ ಹುಡುಕಾಟ. ಮೊದಲ ಸಲ ಕೇಳಿದಾಗ ಆಷಾಢ ಎಂದಿರಿ. ಎರಡನೆಯ ಸಲ ಪಿತೃಪಕ್ಷ. ಇಂಥ ಪೆಟ್ಟಿಗೆಗೆ ಇದಕ್ಕಿಂತ ತಕ್ಕ ಪಕ್ಷ ಇನ್ನಾವುದೆಂದು ನಾವು ವಾದಿಸಿದೆವು, ನಿಮ್ಮ ಆಪ್ತ ಸಹಾಯಕರು ನಗಲಿಲ್ಲ. ದೀಪಾವಳಿಯ ಎದುರಿಗೆ ಹಬ್ಬದ ದಿನಗಳಲ್ಲಿ ಇದೆಲ್ಲ ಯಾಕೆಂದಿರಿ. ಆಮೇಲೆ ಧನುರ್ಮಾಸ. ಆಮೇಲೆ ನಿಮ್ಮ ಮನೆಯಲ್ಲಿ ಶುಭಕಾರ್ಯ. ಮಾನ್ಯರೇ, ಒಂದು ಪ್ರಶ್ನೆ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಸಾವಿನ ಪೆಟ್ಟಿಗೆಯನ್ನು ಉದ್ಘಾಟಿಸಲು ಪ್ರಶಸ್ತವಾದ ಮುಹೂರ್ತ ಯಾವ ಪಂಚಾಂಗದಲ್ಲಿದೆ? ಅದನ್ನು ಬರೆದ ಪಂಡಿತರಾದರೂ ಬದುಕಿದ್ದಾರೆಯೇ?

ಫೆಬ್ರವರಿಯಲ್ಲಿ ನೀವು ನಿಜವಾಗಿಯೂ ಬಂದಿರಿ. ಅಂದು ನಡೆದದ್ದಕ್ಕೆ ಪೂರ್ತಿ ಹೊಣೆ ನಮ್ಮದು. ಸ್ವಾಗತದ ಫ್ಲೆಕ್ಸ್ ಮಾಡಿಸಲು ಬ್ಯಾಟರಾಯನಪುರದ ಗೋಕುಲ್ ಅವರ ಅಂಗಡಿಗೆ ನಿಮ್ಮ ಫೋಟೋ, ಪೆಟ್ಟಿಗೆಯ ಫೋಟೋ ಎರಡನ್ನೂ ಕಳಿಸಿದ್ದೆವು. ಪೆಟ್ಟಿಗೆ ನೋಡಿದ ಗೋಕುಲ್, ಇಂಥದ್ದಕ್ಕೆ ಸಾಮಾನ್ಯವಾಗಿ ಬಳಸುವ ಮಾದರಿಯನ್ನೇ ಕಂಪ್ಯೂಟರಿನಲ್ಲಿ ತೆರೆದಿದ್ದಾರೆ. ನಡುವೆ ನಿಮ್ಮ ಭಾವಚಿತ್ರ, ಅದಕ್ಕೆ ಗುಲಾಬಿ ಹಾರ, ಎರಡೂ ಬದಿಗೆ ಉರಿಯುವ ದೀಪ, ಕೆಳಗೆ ಪೆಟ್ಟಿಗೆ. ‘ಭಾವಪೂರ್ಣ ಶ್ರದ್ಧಾಂಜಲಿ’ ಎಂದಿದ್ದಲ್ಲಿ ಎರಡನೆಯ ಪದವನ್ನಷ್ಟೇ ಅಳಿಸಿ ‘ಸ್ವಾಗತ’ ಎಂದು ಸೇರಿಸಿದ್ದಾರೆ. ಅದು ವೃತ್ತದಲ್ಲಿ ಏರಿದ ಅರ್ಧ ಗಂಟೆಯಲ್ಲಿ ಇಬ್ಬರು ಕೆಳಗೆ ಹೂವಿಟ್ಟು ಹೋಗಿದ್ದರು. ಕಾಫಿ ಅಂಗಡಿಯವರು, ‘‘ಪಾಪ, ವಯಸ್ಸೇನೂ ಆಗಿರ್ಲಿಲ್ಲ. ಎಷ್ಟೊತ್ಗೆ ಎತ್ತೋದಂತೆ?’’ ಎಂದು ನನ್ನನ್ನೇ ಕೇಳಿದರು. ನಾವು ಏಣಿ ತಂದು ಹತ್ತುವಷ್ಟರಲ್ಲಿ ನಿಮ್ಮ ಕಾರು ತಿರುವಿಗೆ ಬಂತು, ನಿಂತಿತು, ಕಿಟಕಿಯ ಗಾಜು ನಿಧಾನವಾಗಿ ಇಳಿಯಿತು, ಏರಿತು. ಕಾರು ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು. ಹಣ್ಣಿನ ಬುಟ್ಟಿ ನಾವೇ ಹಂಚಿಕೊಂಡೆವು. ಕ್ಷಮಾಪಣೆ ಪತ್ರ ಮೂರು ಬರೆದೆವು, ಉತ್ತರ ಬರಲಿಲ್ಲ. ನಿಮ್ಮ ಕೋಪ ನ್ಯಾಯವಾದದ್ದೇ. ಅದನ್ನು ಗೋಕುಲ್ ಮೇಲೆ, ನನ್ನ ಮೇಲೆ ತೀರಿಸಿಕೊಳ್ಳಬಹುದಿತ್ತು. ತೀರಿಸಿಕೊಂಡದ್ದು ಯಾರ ಮೇಲೆಂದು ಈಗ ಹೇಳುತ್ತೇನೆ.

ಮಾರ್ಚ್ ತಿಂಗಳ ಎರಡನೆಯ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಮಹಾಲಿಂಗಪ್ಪನವರು ಕುರ್ಚಿಯಲ್ಲಿ ಕುಳಿತಲ್ಲೇ ಹೋದರು. ಊರಿನ ಹೊಲ ಮನೆ ಮಾರಿ ಎಷ್ಟೋ ವರ್ಷವಾಗಿದ್ದರಿಂದ ಮಣ್ಣು ಇಲ್ಲಿಯೇ ಎಂದು ನಿಶ್ಚಯವಾಯಿತು. ಬರಬೇಕಾಗಿದ್ದವರು ಒಬ್ಬರೇ, ಅವರ ಅಕ್ಕ ಸಂಗವ್ವ. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವರು. ಅವರು ಆಗ ಯುಗಾದಿಗೆಂದು ಶ್ರೀಶೈಲಕ್ಕೆ ಪಾದಯಾತ್ರೆ ಹೊರಟು ಕಾಡಿನ ದಾರಿಯಲ್ಲಿದ್ದರು. ಫೋನು ತಾಗುವುದಿಲ್ಲ. ಜೊತೆಯವರಿಗೆ ಸುದ್ದಿ ಮುಟ್ಟಿ, ಆಕೆ ಬಸ್ಸು ಹಿಡಿದು ಬರುವುದೆಂದರೆ ಸೋಮವಾರ ಬೆಳಿಗ್ಗೆ. ಮಹಾಲಿಂಗಪ್ಪನವರ ಹೆಂಡತಿ ನಿಂಗವ್ವ ಅಳುವುದನ್ನು ನಿಲ್ಲಿಸಿ ನಮ್ಮ ಬಳಿ ಬಂದು ಒಂದೇ ಮಾತು ಕೇಳಿದರು. ‘‘ಅವರ ಅಕ್ಕಾರು ಬಂದು ಮುಖಾ ನೋಡೂತನಕ ಹೆಂಗರ ಮಾಡಿ ಇಟ್ಟುಕೊಡ್ರಿ ಅಣ್ಣಾರ. ನಿಮ್ಮ ಕಡೆ ಪೆಟಗಿ ಐತೆಲ್ಲರಿ.’’

ಐತೆಲ್ಲರಿ. ಹೌದು, ಇತ್ತು. ಅವರ ಮನೆಯಿಂದ ಮುನ್ನೂರು ಹೆಜ್ಜೆ ದೂರದಲ್ಲಿತ್ತು. ಅದಕ್ಕಾಗಿ ಅಂಕಿ ಕೂಗಿ ಕೂಗಿ ಗಂಟಲು ಕಟ್ಟಿಕೊಂಡಿದ್ದ ಮನುಷ್ಯನಿಗೇ ಬೇಕಾಗಿತ್ತು. ಎರಡನೆಯ ಶನಿವಾರವೆಂದು ಕಚೇರಿಗೆ ರಜೆ. ಗುಮಾಸ್ತರಿಗೆ ಫೋನು ಮಾಡಿದರೆ, ಉದ್ಘಾಟನೆಯಾಗದ ವಸ್ತುವನ್ನು ಹೊರಗೆ ಬಿಟ್ಟರೆ ಆಡಿಟ್ಟಿನವರು ತಮ್ಮನ್ನು ಬಿಡುವುದಿಲ್ಲ ಎಂದರು. ಕೊನೆಗೆ ನಿಮಗೇ ಮಾಡಿದೆ. ನೀವು ಎತ್ತಿದಿರಿ, ಪೂರ್ತಿ ಕೇಳಿದಿರಿ, ಮೃದುವಾಗಿಯೇ ಹೇಳಿದಿರಿ: ‘‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ, ಸೋಮವಾರ ನೋಡೋಣ.’’ ಈ ಊರಿನಲ್ಲಿ ನಾವು ನೀರಿಗೆ, ರಸ್ತೆಗೆ, ಬಸ್ಸಿನ ಸೀಟಿಗೆ ಎಲ್ಲಕ್ಕೂ ಅಡ್ಜಸ್ಟ್ ಮಾಡಿಕೊಂಡವರು. ಮಹಾಲಿಂಗಪ್ಪನವರೂ ಬದುಕಿದ್ದಷ್ಟು ಕಾಲ ಮಾಡಿಕೊಂಡರು. ಅವತ್ತು ಮಾತ್ರ ಅವರ ಕೈಲಿ ಆಗಲಿಲ್ಲ.

ಬಾಡಿಗೆಯ ಪೆಟ್ಟಿಗೆಗಳೆಲ್ಲ ಬೇರೆ ಬೇರೆ ಮನೆಗೆ ಹೋಗಿದ್ದವು. ಆಸ್ಪತ್ರೆಯ ಶವಾಗಾರಕ್ಕೆ ಒಯ್ಯಲು ನಿಂಗವ್ವ ಒಪ್ಪಲಿಲ್ಲ. ಯಶವಂತಪುರದಿಂದ ಗೂಡ್ಸ್ ಆಟೋದಲ್ಲಿ ಐಸ್ ದಿಮ್ಮಿ ತರಿಸಿದೆವು. ಹೊಟ್ಟು ಹರಡಿ, ದಿಮ್ಮಿ ಜೋಡಿಸಿ, ಮೇಲೆ ಚಾಪೆ ಹಾಕಿದೆವು. ಒಂದೇ ಕೋಣೆಯ ಮನೆ, ಮೇಲೆ ಶೀಟು. ನೀರು ಹೊಸಿಲು ದಾಟಿ ಬೀದಿಗೆ ಹರಿಯಿತು. ಅಳಲು ಬಂದ ಹೆಂಗಸರು ಸೀರೆ ಎತ್ತಿ ಹಿಡಿದು ನಿಂತರು. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಇನ್ನು ಇಡುವಂತಿಲ್ಲವೆಂದು ಹಿರಿಯರೆಲ್ಲ ಹೇಳಿದರು, ಸಂಜೆಯೊಳಗೆ ಮಣ್ಣು ಮಾಡಿದೆವು. ಮುಖ ಹೇಗಿತ್ತೆಂದು ಇಲ್ಲಿ ಬರೆಯುವುದಿಲ್ಲ. ನೀವು ಊಟಕ್ಕೆ ಕುಳಿತಿರಬಹುದು.

ಸಂಗವ್ವ ಸೋಮವಾರ ಬೆಳಿಗ್ಗೆ ಬಂದರು. ನಡೆದು ಬೊಬ್ಬೆ ಎದ್ದ ಪಾದಗಳಿಗೆ ಬಟ್ಟೆ ಸುತ್ತಿಕೊಂಡಿದ್ದರು. ಯಾಕೆ ಕಾಯಲಿಲ್ಲವೆಂದು ಬೈಯುತ್ತಾರೆಂದು ನಾವು ತಲೆ ತಗ್ಗಿಸಿ ನಿಂತಿದ್ದೆವು. ಅವರು ಬೈಯಲಿಲ್ಲ. ಹೊಸ ಮಣ್ಣಿನ ಪಕ್ಕ ಕುಳಿತು, ‘‘ಮುಖಾ ಹ್ಯಾಂಗಿತ್ರೀ?’’ ಎಂದು ಕೇಳಿದರು.

ಅಧ್ಯಕ್ಷರು ಹೇಳಿದರು, ‘‘ಮಲ್ಗಿದ್ದಂಗೇ ಇತ್ತು ಕಣವ್ವ.’’

ನಾವೆಲ್ಲರೂ ಹೌದೆಂದೆವು. ನಮ್ಮ ಕ್ಲಬ್ಬಿನಲ್ಲಿ ಸರ್ವಾನುಮತದಿಂದ ಅಂಗೀಕಾರವಾದ ನಿರ್ಣಯ ಇದೊಂದೇ.

ಅಂದು ಬೀಗ ಯಾಕೆ ಒಡೆಯಲಿಲ್ಲವೆಂದು ನೀವು ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಕೋಣೆಯ ಮುಂದೆ ಹನ್ನೆರಡು ಜನ ಹೋಗಿ ನಿಂತಿದ್ದೆವು. ಎಲ್ಲರೂ ಪಿಂಚಣಿದಾರರು. ಸರ್ಕಾರಿ ಬೀಗ ಮುಟ್ಟಿದರೆ ಏನಾಗುತ್ತದೋ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡು ವಾಪಸು ಬಂದೆವು.

ಸಂಗವ್ವ ಇನ್ನೂ ತಮ್ಮನ ಹೆಂಡತಿ ನಿಂಗವ್ವನ ಜೊತೆ ಇಲ್ಲಿಯೇ ಇದ್ದಾರೆ. ಬರುವ ಮಂಗಳವಾರ ಊರಿಗೆ ಹೋಗುತ್ತಾರೆ. ಹೋಗುವ ಮುಂಚೆ ಆ ಪೆಟ್ಟಿಗೆಯನ್ನು ಒಮ್ಮೆ ತೋರಿಸಿರೆಂದು ಕೇಳಿದ್ದಾರೆ. ಅದರಲ್ಲೇನು ನೋಡುವುದಿದೆ ಅವ್ವಾ ಎಂದರೆ, ‘‘ಆ ಗಾಜಿನಾಗ ಮುಖಾ ಚಂದ ಕಾಣತಿತ್ತೇನು ಅಂತ ನೋಡತೀನ್ರಿ’’ ಎಂದರು. ನಮ್ಮ ಮಾತನ್ನು ಅವರು ಎಷ್ಟು ನಂಬಿದ್ದರೆಂದು ಆಗ ಗೊತ್ತಾಯಿತು.

ಆದ್ದರಿಂದ ಮಾನ್ಯರೇ, ಇನ್ನು ದಿನಾಂಕ ಕೇಳುವುದಿಲ್ಲ, ತಿಳಿಸುತ್ತೇವೆ. ಬರುವ ಸೋಮವಾರ ಬೆಳಿಗ್ಗೆ ಹತ್ತು ಗಂಟೆ. ರಾಹುಕಾಲ ಒಂಬತ್ತಕ್ಕೇ ಮುಗಿಯುತ್ತದೆ. ಉದ್ಘಾಟಕರು, ಸಂಗವ್ವ. ನೀವು ಬಂದರೆ ಸಂತೋಷ. ಹಿಂದೆ ನಿಲ್ಲಲು ಜಾಗವಿದೆ, ಭಾಷಣವಿಲ್ಲ, ಫ್ಲೆಕ್ಸ್ ಖಂಡಿತ ಇಲ್ಲ. ಬರಲು ಮನಸ್ಸಾಗದಿದ್ದರೆ ಬೀಗದ ಕೈಯನ್ನಷ್ಟೇ ಯಾರ ಕೈಲಾದರೂ ಕಳಿಸಿ, ಅದಕ್ಕೇ ಶಾಲು ಹೊದಿಸುತ್ತೇವೆ. ಎರಡೂ ಆಗದಿದ್ದರೆ ಹತ್ತೂಕಾಲಕ್ಕೆ ಆರ್.ಟಿ. ನಗರದ ಬೀಗ ರಿಪೇರಿಯ ರಹಮತುಲ್ಲಾ ಅವರು ಬಂದು ಬೀಗ ಕತ್ತರಿಸುತ್ತಾರೆ. ಆ ಪೆಟ್ಟಿಗೆಗೆ ಅವರೂ ಚಂದಾ ಕೊಟ್ಟವರು. ಕತ್ತರಿಸುವುದು ತಮ್ಮ ಸೇವೆಯೆಂದು ಹೇಳಿದ್ದಾರೆ.

ದೂರು ದಾಖಲಿಸಲು ನಿಮಗೆ ಅಲೆದಾಟ ಬೇಡವೆಂದು ಮೂವತ್ತೊಂಬತ್ತು ಸದಸ್ಯರ ಹೆಸರು, ವಿಳಾಸ, ಸಹಿ ಇದರೊಂದಿಗೆ ಲಗತ್ತಿಸಿದೆ. ವಯಸ್ಸಿನ ಪ್ರಕಾರ, ಹಿರಿಯರಿಂದ ಕಿರಿಯರಿಗೆ ಬರೆದಿದ್ದೇವೆ. ಮೊಕದ್ದಮೆ ವರ್ಷಗಟ್ಟಲೆ ಎಳೆದಂತೆಲ್ಲ ಮೇಲಿನಿಂದ ಒಂದೊಂದೇ ಹೆಸರು ಹೊಡೆದುಕೊಂಡು ಬರಲು ನಿಮ್ಮ ಗುಮಾಸ್ತರಿಗೆ ಸುಲಭವಾಗುತ್ತದೆ. ಹಾಗೆ ಹೊಡೆದ ಪ್ರತಿಯೊಬ್ಬರೂ, ಎಷ್ಟೇ ದೂರದಿಂದ ಅವರವರ ಅಕ್ಕ ಬರುವುದಿದ್ದರೂ, ಬಂದು ಮುಖ ನೋಡುವ ತನಕ ಆ ಪೆಟ್ಟಿಗೆಯಲ್ಲಿರುತ್ತಾರೆ.

ಇಂತಿ,
ಸದರಿ ಪಟ್ಟಿಯಲ್ಲಿ ಮೇಲಿನಿಂದ ಹನ್ನೊಂದನೆಯವನೂ, ಸದ್ಯಕ್ಕೆ ಉಸಿರಾಡುತ್ತಿರುವವನೂ ಆದ
ಶಿವರಾಮ್
ಜಂಟಿ ಕಾರ್ಯದರ್ಶಿ, ಪೆಟ್ಟಿಗೆ ವಿಭಾಗ
ಮುಂಜಾನೆ ಮಿತ್ರರ ಕ್ಲಬ್, ಕೊಡಿಗೇಹಳ್ಳಿ