ಟಿವಿ ಡಾಕ್ಟರು ಹೇರಿದ ಉಪವಾಸ

ಧಾರಾವಾಹಿ ವಿಭಾಗದ ಮಾನ್ಯ ಮುಖ್ಯಸ್ಥರೇ,

ನಿಮ್ಮ ಆಸ್ಪತ್ರೆ ಧಾರಾವಾಹಿಯ ನಾಯಕಿಗೆ ಹುಚ್ಚಿಲ್ಲ. ಇದು ನನಗೂ ಗೊತ್ತು, ನಿಮಗೂ ಗೊತ್ತು. 'ಪೋರ್ಫೀರಿಯಾ ಎಂಬ ಅಪರೂಪದ ವಂಶವಾಹಿ ಕಾಯಿಲೆ' ಎಂದು ಜಾಹೀರಾತಿನಲ್ಲಿ ನೀವೇ ಸಾರಿದ್ದೀರಿ. ಗೊತ್ತಿಲ್ಲದಿರುವುದು ನಿಮ್ಮ ಡಾಕ್ಟರೊಬ್ಬರಿಗೇ. ಮದುವೆ ಮನೆಗೂ ಸ್ಟೆತಾಸ್ಕೋಪ್ ನೇತುಹಾಕಿಕೊಂಡು ಬರುವ ಆ ಮಹಾಶಯರು ಮಳೆಗಾಲವಿಡೀ ಅವಳನ್ನು ಮನೋರೋಗಿ ಎನ್ನುತ್ತಲೇ ಬಂದಿದ್ದಾರೆ. ಅವರು ಓದಿದ್ದಾದರೂ ಏನು? ನಿಮ್ಮ ಮನೆಯ ವಿಷಯವೆಂದು ನಾನು ಸುಮ್ಮನಿರುತ್ತಿದ್ದೆ. ಆದರೆ ಅವರ ಪ್ರಾಕ್ಟೀಸು ಈಗ ಘಾಟ್ಕೋಪರಿನ ನಮ್ಮ ಫ್ಲ್ಯಾಟಿನಲ್ಲೂ ನಡೆಯುತ್ತಿದೆ.

ನನ್ನ ಮಗಳು ನಿಶಾಳಿಗೆ ಇರುವುದೂ ಅದೇ ಪೋರ್ಫೀರಿಯಾ. ಹೊಟ್ಟೆ ಖಾಲಿ ಬಿಟ್ಟರೆ ಕೆರಳುತ್ತದೆ: ತಡೆಯಲಾರದ ಹೊಟ್ಟೆನೋವು, ನಿದ್ದೆಯಿಲ್ಲ, ಆಮೇಲೆ ಏನೇನೋ ಮಾತು. ಕಳೆದ ವರ್ಷ ಶ್ರಾವಣ ಸೋಮವಾರದ ಉಪವಾಸದಲ್ಲಿ ಹಾಗಾಯಿತು. ಬಿಲ್ಡಿಂಗಿನವರೆಲ್ಲ 'ಮೆಂಟಲ್' ಎಂದರು. ತಲೆ ಸರಿಹೋಗಲೆಂದು ನನ್ನ ಅಮ್ಮ ಶನಿವಾರದ ಉಪವಾಸವನ್ನೂ ಸೇರಿಸಿದರು, ನೋವು ಇಮ್ಮಡಿಯಾಯಿತು. ಕೊನೆಗೆ ದಾದರಿನ ಡಾಕ್ಟರಮ್ಮ ರೋಗ ಪತ್ತೆಹಚ್ಚಿ, "ಮೊದಲು ಹೊತ್ತುಹೊತ್ತಿಗೆ ಊಟ" ಎಂದರು. ಊರಿಗೆಲ್ಲ ಇಡ್ಲಿ ಬಡಿಸುವ ಉಡುಪಿ ಹೋಟೆಲಿನವನಿಗೆ, ಸ್ವಂತ ಮಗಳಿಗೆ ಊಟ ಹಾಕು ಎಂದು ಡಾಕ್ಟರು ಹೇಳಬೇಕಾಯಿತು! ನಗಬೇಕೋ ಅಳಬೇಕೋ ತಿಳಿಯದೆ ನಕ್ಕುಬಿಟ್ಟೆ.

ನಿಶಾ ಚೇತರಿಸಿಕೊಂಡಳು. ಆಗ ಶುರುವಾಯಿತು ನಿಮ್ಮ ಧಾರಾವಾಹಿ. ಅದರಲ್ಲಿ ನಾಯಕಿಯ ಅತ್ತೆ, ನಿಮ್ಮ ಡಾಕ್ಟರ ಒಪ್ಪಿಗೆಯಿಂದಲೇ, ಅವಳಿಗೆ ಉಪವಾಸ ಮಾಡಿಸಿದರು. ಮರುದಿನ ಅವಳು ಮಲ್ಲಿಗೆ ಮುಡಿದು ನಗುತ್ತಾ ಎದ್ದಳು. ಅಮ್ಮ ಟಿವಿಗೆ ಕೈಮುಗಿದರು.

"ನವರಾತ್ರಿಗೆ ನಿಶಾನೂ ಒಂಬತ್ತು ದಿನ ಮಾಡ್ಲಿ."

"ಡಾಕ್ಟ್ರು ಬೇಡ ಅಂದಿದ್ದಾರಲ್ಲ ಅಮ್ಮಾ."

"ನಿನ್ನ ಡಾಕ್ಟ್ರನ್ನು ಯಾರಾದ್ರೂ ಟಿವಿಯಲ್ಲಿ ಕಂಡಿದ್ದಾರಾ ಮಾರಾಯಾ?"

ಇದಕ್ಕೆ ನಿಮ್ಮಲ್ಲಿ ಉತ್ತರವಿದೆಯೇ? ಅಮ್ಮನ ಜೊತೆ ಹೇಗೋ ಜಗಳವಾಡಿ ಗೆಲ್ಲಬಹುದಿತ್ತು. ಆದರೆ ಮೊನ್ನೆ ಪವಾಯಿಯ ಆಫೀಸಿನಿಂದ ಬಂದ ನಿಶಾ, ನಿಮ್ಮ ಕಂತು ನೋಡುತ್ತಾ ಊಟದ ತಟ್ಟೆ ಸರಿಸಿದಳು. "ಪಪ್ಪಾ, ಸಚ್ ಬೋಲೋ, ನಿಜ ಹೇಳು, ನಾನು ಪಾಗಲ್ ಅಲ್ಲ ನಾ? ಅಜ್ಜಿ ಹೇಳಿದ ಹಾಗೆ ಫಾಸ್ಟ್ ಮಾಡ್ತೇನೆ, ಚಲೇಗಾ, ಆಗ್ತದಾ?"

ನನಗೆ ಭಯವಾಯಿತು ಸ್ವಾಮೀ. ಒಂಬತ್ತು ದಿನ ಹಸಿದರೆ ಅವಳ ಜೀವಕ್ಕೇ ಅಪಾಯ.

ಕತೆ ಎಳೆಯುವುದು ನಿಮ್ಮ ಕಸುಬು, ಬೇಡವೆನ್ನುವುದಿಲ್ಲ. ನಾಯಕಿಗೊಬ್ಬಳು ಅವಳಿ ಸೋದರಿಯನ್ನು ತನ್ನಿ, ನಾಯಕನ ನೆನಪಿನ ಶಕ್ತಿ ಕಿತ್ತುಕೊಳ್ಳಿ, ಇಡೀ ಕುಟುಂಬವನ್ನು ಒಂದು ತಿಂಗಳು ಲಿಫ್ಟಿನಲ್ಲಿ ಸಿಕ್ಕಿಸಿ. ಅಮ್ಮ ಎಲ್ಲವನ್ನೂ ನೋಡುತ್ತಾರೆ. ಆದರೆ ನವರಾತ್ರಿ ಮುಂದಿನ ವಾರ. ಅದರೊಳಗೆ ನಿಮ್ಮ ಡಾಕ್ಟರು ಕ್ಯಾಮೆರಾ ನೋಡಿ, ಬೇಕಾದರೆ ಸಿಡಿಲಿನ ಸದ್ದಿನೊಂದಿಗೇ, "ಇವಳಿಗೆ ಹುಚ್ಚಿಲ್ಲ, ಮೊದಲು ಊಟ ಹಾಕಿ" ಎಂದು ಹೇಳಲೇಬೇಕು. ಅಮ್ಮನಿಗಾಗಿ ಅಲ್ಲ, ನಿಶಾಳಿಗಾಗಿ. ಅದೇ ಮಾತನ್ನು ನಾನು ಹೇಳಿದಾಗ ಮಗಳು, "ನೀನು ಪಪ್ಪಾ ಅಲ್ವಾ, ಹಾಗೇ ಹೇಳ್ತಿ" ಎಂದಳು.

ಇಂತಿ,
ಸ್ವಂತ ಮನೆಯಲ್ಲೇ ಟಿಆರ್‌ಪಿ ಇಲ್ಲದ ಅಪ್ಪ,
ರಮಾನಾಥ, ಘಾಟ್ಕೋಪರ್